ಬಡಕಲು ಕುದುರೆ ಮೈ ತುಂಬಿಕೊಳ್ಳಲು ಏನು, ಎಷ್ಟು, ಹೇಗೆ ತಿನ್ನಿಸಬೇಕು

ಪಕ್ಕೆಲುಬು ಎಣಿಸುವಷ್ಟು ಸೊರಗಿದ ಕುದುರೆಯನ್ನು ಕಂಡರೆ ಕೈ ತಾನಾಗಿ ಹುರುಳಿಯ ಚೀಲಕ್ಕೆ ಹೋಗುತ್ತದೆ. ಹೊಟ್ಟೆ ತುಂಬ ತಿನ್ನಲಿ ಎಂಬ ಕರುಣೆ ಅದು. ಆದರೆ ಹಸಿದು ಹಸಿದು ಬತ್ತಿದ ಕುದುರೆಯನ್ನು ಆ ಒಂದು ಬಕೆಟ್ ಹುರುಳಿಯೇ ಕೊಲ್ಲಬಹುದು. ಕುದುರೆಯ ಮೈ ತುಂಬುವುದು ಹುಲ್ಲಿನಿಂದ. ಕಾಳು ಅದಕ್ಕೆ ಒತ್ತಾಸೆ ಮಾತ್ರ. ಜಟಕಾ ಎಳೆದು ಸವೆದ ಕುದುರೆಯಿರಲಿ, ರೇಸ್ ಬಿಟ್ಟು ಬಂದ ಥರೋಬ್ರೆಡ್ ಇರಲಿ, ಮದುವೆ ಮೆರವಣಿಗೆಯ ಮಾರ್ವಾರಿಯಿರಲಿ, ಈ ಮಾತು ಎಲ್ಲಕ್ಕೂ ಒಂದೇ.

ಮೊದಲು ಅಳತೆ

ಕಣ್ಣಂದಾಜನ್ನು ನಂಬಬೇಡಿ. ದಿನವೂ ನೋಡುವ ಕುದುರೆ ಇಳಿದದ್ದೂ ಗೊತ್ತಾಗುವುದಿಲ್ಲ, ಏರಿದ್ದೂ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ದಟ್ಟವಾದ ಕೂದಲು ಪಕ್ಕೆಲುಬನ್ನು ಮುಚ್ಚುತ್ತದೆ, ಹುಳು ತುಂಬಿದ ಡೊಳ್ಳು ಹೊಟ್ಟೆ ‘ತಿಂದುಂಡು ಚೆನ್ನಾಗಿದೆ’ ಎಂಬ ಭ್ರಮೆ ಹುಟ್ಟಿಸುತ್ತದೆ.

ದರ್ಜಿಯ ಟೇಪು ಸಾಕು. ಹೆಗಲ ಎತ್ತರದ ಹಿಂದೆ, ಮುಂಗಾಲಿನ ಕಂಕುಳಿಗೆ ತಾಗುವಂತೆ ಎದೆಯ ಸುತ್ತಳತೆ ತೆಗೆಯಿರಿ. ಕುದುರೆ ಉಸಿರು ಬಿಟ್ಟಾಗ ಓದಿಕೊಳ್ಳಿ. ಆಮೇಲೆ ಎದೆಯ ಮುಂಭಾಗದ ಭುಜದ ಮೂಳೆಯ ತುದಿಯಿಂದ ಹಿಂಭಾಗದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿಯಲ್ಲಿ ತೂಕ ಸಿಗುತ್ತದೆ. ಸುತ್ತಳತೆ 160, ಉದ್ದ 140 ಆದರೆ ಸುಮಾರು 302 ಕೆಜಿ. ಹತ್ತಿಪ್ಪತ್ತು ಕೆಜಿ ಹೆಚ್ಚುಕಡಿಮೆ ಬರಬಹುದು, ಚಿಂತೆಯಿಲ್ಲ. ಪ್ರತಿ ಸಲವೂ ಒಬ್ಬರೇ, ಒಂದೇ ಹೊತ್ತಿನಲ್ಲಿ, ಮೇವಿಗೆ ಮುಂಚೆ ಅಳೆದರೆ ಏರಿಳಿತ ಸರಿಯಾಗಿ ಕಾಣುತ್ತದೆ.

ತೂಕದ ಜೊತೆಗೆ ಮೈಕಟ್ಟಿನ ಅಂಕವೂ ಬೇಕು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿದ್ದ ಡಾನ್ ಹೆನೆಕೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ 1ರಿಂದ 9ರ ಅಂಕಪಟ್ಟಿಯನ್ನೇ ಪಶುವೈದ್ಯರು ಇಂದಿಗೂ ಬಳಸುವುದು. ಕತ್ತು, ಹೆಗಲು, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ ಈ ಆರು ಕಡೆ ಅಂಗೈಯಿಂದ ಒತ್ತಿ ನೋಡಬೇಕು. 5 ಅಂದರೆ ಹದ: ಪಕ್ಕೆಲುಬು ಕಣ್ಣಿಗೆ ಕಾಣದು, ಕೈಗೆ ಸುಲಭವಾಗಿ ಸಿಗುತ್ತದೆ. 4ರಲ್ಲಿ ಪಕ್ಕೆಲುಬಿನ ಗೆರೆ ಮಸುಕಾಗಿ ಕಾಣುತ್ತದೆ, ಬೆನ್ನುಮೂಳೆಯ ಸಾಲು ಸ್ವಲ್ಪ ಏಣಾಗಿರುತ್ತದೆ. 3ರಲ್ಲಿ ಪಕ್ಕೆಲುಬು ಎದ್ದು ಕಾಣುತ್ತದೆ, ಬಾಲದ ಬುಡ ಎತ್ತರವಾಗಿ ತೋರುತ್ತದೆ. 2ಕ್ಕೆ ಇಳಿದರೆ ಬೆನ್ನಿನ ಮೂಳೆಗಳೆಲ್ಲ ಹೊರಗೆ ಚಾಚಿಕೊಳ್ಳುತ್ತವೆ. 1ರಲ್ಲಿ ಚರ್ಮದಡಿ ಕೊಬ್ಬಿನ ಒಂದು ಪದರವೂ ಕೈಗೆ ಸಿಗುವುದಿಲ್ಲ, ಎಲುಬಿನ ಗೂಡಷ್ಟೇ.

ಈ ಅಂಕವೇ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ. 3 ಅಥವಾ ಮೇಲಿದ್ದರೆ ನೇರವಾಗಿ ಮೇವಿನ ಲೆಕ್ಕಕ್ಕೆ ಹೋಗಬಹುದು. 1 ಅಥವಾ 2 ಇದ್ದರೆ ಮೊದಲ ಹತ್ತು ದಿನದ ನಿಯಮವೇ ಬೇರೆ. ಎಡಬದಿಯಿಂದ, ಹಿಂದಿನಿಂದ ಒಂದೊಂದು ಫೋಟೊ ತೆಗೆದು ತಾರೀಖು ಬರೆದಿಡಿ.

ತಿಂದರೂ ಮೈಗೆ ಹತ್ತದಿದ್ದರೆ

ಮೇವು ಸಾಲದೆ ಸೊರಗಿದ ಕುದುರೆಯೇ ಹೆಚ್ಚು. ಆದರೂ ಹಲ್ಲು, ಹುಳು, ರಕ್ತದ ರೋಗ ಈ ಮೂರನ್ನು ನೋಡದೆ ಮೇವು ಏರಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕುದುರೆಯ ಹಲ್ಲು ಬದುಕಿನುದ್ದಕ್ಕೂ ವರ್ಷಕ್ಕೆ 2-3 ಮಿಲಿಮೀಟರ್ ಮೇಲೆ ಬರುತ್ತಿರುತ್ತದೆ, ಅಗಿತದಿಂದ ಅಷ್ಟೇ ಸವೆಯುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಮೇಲಿನ ದವಡೆಹಲ್ಲಿನ ಹೊರ ಅಂಚಿನಲ್ಲಿ, ಕೆಳಗಿನದರ ಒಳ ಅಂಚಿನಲ್ಲಿ ಸವೆಯದೆ ಉಳಿದ ಭಾಗ ಗರಗಸದಂತೆ ಚೂಪಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆಯನ್ನು ಉಗುಳುವುದು, ತಲೆ ಓರೆ ಮಾಡಿ ಅಗಿಯುವುದು, ಬಾಯಿಂದ ಕಾಳು ಉದುರುವುದು, ಲದ್ದಿಯಲ್ಲಿ ಇಡೀ ಕಾಳು ಅಥವಾ ಬೆರಳುದ್ದದ ಹುಲ್ಲಿನ ಎಳೆ ಕಾಣುವುದು ಇದರ ಗುರುತು. ಪಶುವೈದ್ಯರು ಬಾಯಿ ತೆರೆಸುವ ಕಬ್ಬಿಣದ ಚೌಕಟ್ಟು ಹಾಕಿ ಅರದಿಂದ ಉಜ್ಜಿ ಸಮ ಮಾಡುತ್ತಾರೆ. ವರ್ಷಕ್ಕೊಮ್ಮೆ ಇದು ಆಗಲೇಬೇಕು. 15 ವರ್ಷ ದಾಟಿದ ಕುದುರೆಗೆ ಆರು ತಿಂಗಳಿಗೊಮ್ಮೆ ತೋರಿಸುವುದು ಮೇಲು.

ಹುಳುವಿನ ವಿಷಯದಲ್ಲಿ ಊಹೆಯ ಔಷಧಿ ಬೇಡ. ಹೊಸ ಲದ್ದಿಯ ಒಂದೆರಡು ಉಂಡೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಅಂದೇ ಲ್ಯಾಬಿಗೆ ಕೊಟ್ಟು, ಗ್ರಾಂ ಲದ್ದಿಗೆ ಎಷ್ಟು ಮೊಟ್ಟೆ ಎಂದು ಎಣಿಸಿಸಿ. ಔಷಧಿ ಕೊಟ್ಟು 14 ದಿನಕ್ಕೆ ಮತ್ತೆ ಎಣಿಸಿಸಿದರೆ ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಸಣ್ಣ ಸ್ಟ್ರಾಂಗೈಲ್ ಹುಳುಗಳು ಜಂತುಹುಳುವಿನ ಔಷಧಿಯಾದ ಫೆನ್‌ಬೆಂಡಜೋಲ್‌ಗೆ ಜಗ್ಗದಿರುವುದು ಜಗತ್ತಿನಾದ್ಯಂತ ಸಾಮಾನ್ಯವಾಗಿದೆ. ಬಾಯಿಗೆ ಕೊಡುವ ಐವರ್‌ಮೆಕ್ಟಿನ್ ಪ್ರಮಾಣ ಕೆಜಿ ತೂಕಕ್ಕೆ 0.2 ಮಿಲಿಗ್ರಾಂ. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಕುದುರೆಗೆ ಚುಚ್ಚಬೇಡಿ. ಚುಚ್ಚಿದ ಜಾಗದಲ್ಲಿ ಸ್ನಾಯು ಕೊಳೆತು ಜೀವಕ್ಕೇ ಕುತ್ತಾದದ್ದುಂಟು. ತೀರಾ ನಿತ್ರಾಣವಾದ ಕುದುರೆಗೆ ಬಂದ ದಿನವೇ ಔಷಧಿ ಕೊಡುವುದೂ ತಪ್ಪು. ರಾಶಿ ಹುಳು ಒಮ್ಮೆಗೇ ಸತ್ತರೆ ಕರುಳು ತಡೆದುಕೊಳ್ಳದು. ಯಾವಾಗ ಕೊಡಬೇಕೆಂದು ವೈದ್ಯರು ಹೇಳಲಿ.

ಮೂರನೆಯದು ನಮ್ಮ ಹವೆಗೆ ಮುಖ್ಯವಾದದ್ದು. ತೊಣಚಿ ನೊಣ ಕಚ್ಚಿ ಹರಡುವ ಸರ್ರಾ, ಉಣ್ಣೆಹುಳು ಕಚ್ಚಿ ಬರುವ ಪೈರೋಪ್ಲಾಸ್ಮೋಸಿಸ್, ಇವೆರಡೂ ಕುದುರೆಯನ್ನು ಒಳಗಿನಿಂದ ಕರಗಿಸುತ್ತವೆ. ಸರ್ರಾ ಹಿಡಿದ ಕುದುರೆ ಚೆನ್ನಾಗಿಯೇ ತಿನ್ನುತ್ತದೆ, ಆದರೂ ಇಳಿಯುತ್ತಾ ಹೋಗುತ್ತದೆ. ಜ್ವರ ಬಂದು ಬಿಟ್ಟು ಬರುತ್ತದೆ, ಹೊಟ್ಟೆಯ ಕೆಳಗೆ ಮತ್ತು ಕಾಲಿನಲ್ಲಿ ನೀರು ತುಂಬಿ ಬಾವು ಕಾಣುತ್ತದೆ, ಒಸಡು ಬಿಳಚುತ್ತದೆ. ಹಿಂಗಾಲು ತೂರಾಡುವುದೂ ಉಂಟು. ಆರೋಗ್ಯವಂತ ಕುದುರೆಯ ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ವಾರವಿಡೀ ಬೆಳಗ್ಗೆ ಸಂಜೆ ನೋಡಿ ಬರೆದಿಟ್ಟರೆ ಬಂದುಹೋಗುವ ಜ್ವರ ಸಿಕ್ಕಿಬೀಳುತ್ತದೆ. ರಕ್ತ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಹೋಗಬಹುದು. ದೇಶದ ಮಟ್ಟದಲ್ಲಿ ಇದಕ್ಕೆಂದೇ ಇರುವುದು ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಮೂಗಿನಿಂದ ಅಂಟು ಕೀವು, ಚರ್ಮದ ಮೇಲೆ ಗಂಟು ಗಂಟಾದ ಹುಣ್ಣು ಇದ್ದರೆ ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ತಗಲುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ಮುಟ್ಟದೆ, ಬೇರೆ ಕಟ್ಟಿ, ಇಲಾಖೆಯ ಪಶುವೈದ್ಯರನ್ನು ಕರೆಯಿರಿ.

ಅಂಕ 1 ಅಥವಾ 2 ಇದ್ದರೆ ಮೊದಲ ಹತ್ತು ದಿನ

ಉಪವಾಸ ಬಿದ್ದ ದೇಹ ಮೊದಲು ಕೊಬ್ಬು, ಆಮೇಲೆ ಸ್ನಾಯು ಕರಗಿಸಿಕೊಂಡು ಬದುಕುತ್ತದೆ. ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ದಾಸ್ತಾನು ಬರಿದಾಗಿರುತ್ತದೆ. ಆಗ ಒಮ್ಮೆಗೇ ಪಿಷ್ಟ ತುಂಬಿದ ಕಾಳು, ಬೆಲ್ಲದ ನೀರು ಕೊಟ್ಟರೆ ಇನ್ಸುಲಿನ್ ಉಕ್ಕುತ್ತದೆ. ಅದು ರಕ್ತದಲ್ಲಿ ಉಳಿದಿರುವ ಅಷ್ಟಿಷ್ಟು ಲವಣವನ್ನೂ ಜೀವಕೋಶದೊಳಗೆ ಸೆಳೆದುಬಿಡುತ್ತದೆ. ಹೃದಯ, ಉಸಿರಾಟ, ನರ ಕೈಕೊಡುತ್ತವೆ. ತಿನ್ನಲು ಶುರು ಮಾಡಿ ‘ಚೇತರಿಸಿಕೊಂಡಿತು’ ಎಂದು ಎಲ್ಲರೂ ನೆಮ್ಮದಿಯಾದ ಮೂರರಿಂದ ಐದನೆಯ ದಿನಕ್ಕೆ ಕುದುರೆ ಕುಸಿಯುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಸೊರಗಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ಹೋಲಿಸಿ ನೋಡಿದಾಗ ಕುದುರೆ ಮಸಾಲೆ ಸೊಪ್ಪಿನ, ಅಂದರೆ ಲೂಸರ್ನಿನ ಒಣಮೇವೇ ಎಲ್ಲಕ್ಕಿಂತ ಕ್ಷೇಮ ಎಂದು ಕಂಡಿತು. ಅದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನು ಜಾಸ್ತಿ, ರಂಜಕ ಮತ್ತು ಮೆಗ್ನೀಸಿಯಂ ಇದೆ. ಅವರ ಕ್ರಮವನ್ನು 300 ಕೆಜಿಯ ಕುದುರೆಗೆ ಇಳಿಸಿದರೆ ಹೀಗೆ ಬರುತ್ತದೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ ಆರು ಸಲ, ಪ್ರತಿ ಸಲ 300 ಗ್ರಾಂ ಒಣ ಲೂಸರ್ನ್. ಇಡೀ ದಿನಕ್ಕೆ 1.8 ಕೆಜಿ ಮಾತ್ರ. ನಾಲ್ಕನೆಯ ದಿನದಿಂದ ಪ್ರಮಾಣವನ್ನು ಮೆಲ್ಲಗೆ ಏರಿಸುತ್ತಾ, ನಡುವಿನ ಬಿಡುವನ್ನು ಹೆಚ್ಚಿಸುತ್ತಾ, ಆರನೆಯ ದಿನದ ಹೊತ್ತಿಗೆ ಎಂಟು ಗಂಟೆಗೊಮ್ಮೆ 1.3 ಕೆಜಿ, ದಿನಕ್ಕೆ 3.9 ಕೆಜಿ ಮುಟ್ಟಿಸಿ. ಹತ್ತನೆಯ ದಿನದವರೆಗೆ ಇದೇ ಸಾಲಿನಲ್ಲಿ ನಡೆಯಲಿ, ಆಮೇಲೆ ತಿನ್ನುವಷ್ಟು ಹುಲ್ಲು. 450 ಕೆಜಿಯ ಕುದುರೆಗೆ ಇವೆಲ್ಲವೂ ಒಂದೂವರೆ ಪಟ್ಟು.

ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಹಸಿ ಸೊಪ್ಪಿನ ಕಟ್ಟು. ಒಂದು ಕೆಜಿ ಒಣಮೇವಿಗೆ ನಾಲ್ಕರಿಂದ ಐದು ಕೆಜಿ ಹಸಿ ಸೊಪ್ಪು ಸಮ. ಕೊಯ್ದ ಸೊಪ್ಪನ್ನು ನೆರಳಿನಲ್ಲಿ ತೆಳ್ಳಗೆ ಹರಡಿ ಅರ್ಧ ದಿನ ಬಾಡಿಸಿ ಕೊಡಿ. ಇಬ್ಬನಿಯಲ್ಲಿ ತೊಯ್ದು ರಾಶಿಯಲ್ಲಿ ಬಿಸಿಯಾದ ಸೊಪ್ಪು ಹೊಟ್ಟೆಯುಬ್ಬರ ತರುತ್ತದೆ.

ಈ ಹತ್ತು ದಿನ ಹುರುಳಿ, ಓಟ್ಸ್, ಬೂಸಾ, ಬೆಲ್ಲ, ಎಣ್ಣೆ ಯಾವುದೂ ಇಲ್ಲ. ನೀರು ಸದಾ ಎದುರಿಗಿರಲಿ. ಸಾಧ್ಯವಿದ್ದರೆ ಮೂರನೆಯ, ಐದನೆಯ ದಿನ ರಕ್ತದಲ್ಲಿನ ರಂಜಕವನ್ನು ಪರೀಕ್ಷೆ ಮಾಡಿಸಿ. ‘ಇಷ್ಟು ಕಮ್ಮಿ ಕೊಟ್ಟರೆ ಪಾಪ’ ಎಂದು ನೆರೆಹೊರೆಯವರು ಅನ್ನುತ್ತಾರೆ, ಕುದುರೆಯೂ ಬಕೆಟ್ ಒದ್ದು ಕೇಳುತ್ತದೆ. ಜಗ್ಗಬೇಡಿ. ಎದ್ದು ನಿಲ್ಲಲಾಗದೆ ಮಲಗಿದ ಕುದುರೆಯನ್ನು ಮನೆಯಲ್ಲಿ ನೋಡಿಕೊಳ್ಳುವುದು ಆಗದ ಮಾತು, ಅದಕ್ಕೆ ವೈದ್ಯರೇ ಬೇಕು.

ಹುಲ್ಲೇ ಅಡಿಪಾಯ

ಕುದುರೆಯ ಜಠರ ಪುಟ್ಟದು, 8ರಿಂದ 15 ಲೀಟರ್ ಹಿಡಿಯುವಷ್ಟು. ಹಸುವಿನಂತೆ ತುಂಬಿಟ್ಟುಕೊಂಡು ಮೆಲುಕು ಹಾಕಲು ಅದಕ್ಕೆ ಬಾರದು. ಆಮ್ಲ ಮಾತ್ರ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಅದನ್ನು ತಣಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಐದಾರು ಗಂಟೆ ಬಾಯಿ ಖಾಲಿ ಬಿಟ್ಟರೆ ಜಠರ ಹುಣ್ಣಾಗುತ್ತದೆ. ಹುಣ್ಣಾದ ಕುದುರೆ ಕಾಳಿನ ಮುಂದೆ ಮುಖ ತಿರುಗಿಸುತ್ತದೆ, ಹಲ್ಲು ಕಡಿಯುತ್ತದೆ, ಇನ್ನಷ್ಟು ಬಡವಾಗುತ್ತದೆ. ಹುಲ್ಲಿನ ನಾರು ಹಿಂಗರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ ಶಕ್ತಿಯಾಗುತ್ತದೆ. ದಿನವಿಡೀ ನಿಧಾನವಾಗಿ ಉರಿಯುವ ಒಲೆಯಿದ್ದಂತೆ ಅದು.

ಲೆಕ್ಕ ಇಷ್ಟು: ತೇವ ಬಿಟ್ಟು, ಮೈತೂಕದ ನೂರಕ್ಕೆ ಒಂದೂವರೆ ಭಾಗಕ್ಕಿಂತ ಕಡಿಮೆ ಹುಲ್ಲು ಯಾವ ಕುದುರೆಗೂ ಸಲ್ಲ, ಮೈ ಹಿಡಿಯಬೇಕಾದ ಕುದುರೆಗೆ ಎರಡರಿಂದ ಎರಡೂವರೆ ಭಾಗದವರೆಗೆ ತಿನ್ನಲು ಬಿಡಿ. 300 ಕೆಜಿಯ ಕುದುರೆಗೆ ಅದು ಆರರಿಂದ ಏಳೂವರೆ ಕೆಜಿ ಒಣ ಹುಲ್ಲಾಗುತ್ತದೆ. ಸ್ಪ್ರಿಂಗ್ ತಕ್ಕಡಿಗೆ ಬಲೆಚೀಲ ನೇತುಹಾಕಿ ತೂಗಿ. ‘ಎರಡು ಸಿವುಡು’, ‘ಒಂದು ತೆಕ್ಕೆ’ ಎಂಬ ಅಳತೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬರುತ್ತದೆ.

ಯಾವ ಹುಲ್ಲು? ಸಿಕ್ಕರೆ ಗರಿಕೆಗೆ ಸಾಟಿಯಿಲ್ಲ. ಬೇರಿನ ಮಣ್ಣು ಕೊಡವಿ ಕೊಡಬೇಕು. ಮಣ್ಣು ಮರಳು ಕರುಳಿನಲ್ಲಿ ಕೂತರೆ ಹೊಟ್ಟೆಶೂಲೆ. ಹೂವಾಡುವ ಮುಂಚೆ ಕೊಯ್ದು ಒಣಗಿಸಿದ ರೋಡ್ಸ್ ಹುಲ್ಲು ಒಳ್ಳೆಯದು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ವಾಸಿ, ಬಾಯಾಡಿಸುವುದಕ್ಕೆ ಜೊತೆಗಿರಲಿ. ಅದನ್ನೇ ನಂಬಿದರೆ ಮೈ ಬರುವುದಿಲ್ಲ. ಭತ್ತದ ಹುಲ್ಲಿನಲ್ಲಿ ಸಿಲಿಕ ಹೆಚ್ಚು, ಸತ್ವ ಕಡಿಮೆ. ಹಲ್ಲು ಸರಿಯಿಲ್ಲದ ಕುದುರೆಗೆ ಅದು ಕರುಳಲ್ಲಿ ಗಟ್ಟಿಯಾಗಿ ಕೂರುತ್ತದೆ.

ನೇಪಿಯರ್ ಹುಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಹೈನುಗಾರರ ಹೊಲದಲ್ಲಿ ಎಲ್ಲೆಲ್ಲೂ ಇರುವುದು ಇದೇ, ಅಗ್ಗಕ್ಕೂ ಸಿಗುತ್ತದೆ. ಆದರೆ ಅದರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕುದುರೆಯಲ್ಲಿ ಸುಣ್ಣ ಹೀರಿಕೊಳ್ಳುವುದು ಸಣ್ಣಕರುಳಿನಲ್ಲಿ. ಸೂಕ್ಷ್ಮಜೀವಿಗಳಿರುವ ಹಿಂಗರುಳು ಅದಕ್ಕಿಂತ ಮುಂದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಬರೀ ನೇಪಿಯರ್ ತಿಂಗಳುಗಟ್ಟಲೆ ತಿಂದ ಕುದುರೆಯ ಮೂಳೆಯಿಂದ ಸುಣ್ಣ ಕರಗುತ್ತದೆ. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ, ಅಗಿಯಲು ನೋವಾಗಿ ಮೈ ಇಳಿಯುತ್ತದೆ. ಬೇರೆ ಹುಲ್ಲೇ ಸಿಗದಿದ್ದರೆ ಜೊತೆಗೆ ಲೂಸರ್ನ್ ಖಾಯಂ ಇರಲಿ.

ಹುಲ್ಲು ಬದಲಿಸುವುದಾದರೆ ಏಳರಿಂದ ಹದಿನಾಲ್ಕು ದಿನ ಹಿಡಿಯಲಿ: ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಮಳೆಗಾಲದಲ್ಲಿ ಹುಲ್ಲನ್ನು ನೆಲಕ್ಕೆ ತಾಗದಂತೆ ಅಟ್ಟಣೆಯ ಮೇಲೆ ಇಡಿ. ಬೂಷ್ಟು ವಾಸನೆ ಬಂದರೆ, ಕೊಡವಿದಾಗ ಬೂದಿಯಂಥ ಪುಡಿ ಎದ್ದರೆ ಇಡೀ ಕಟ್ಟನ್ನು ಗೊಬ್ಬರದ ಗುಂಡಿಗೆ ಹಾಕಿ. ಬಿಸಿಲಿಗೆ ಒಣಗಿಸಿದರೆ ಬೂಷ್ಟಿನ ವಿಷ ಹೋಗುವುದಿಲ್ಲ. ಕಟ್ಟಿನಲ್ಲಿ ಸೇರಿಕೊಂಡ ಪಾರ್ಥೇನಿಯಂ ಗಿಡಗಳನ್ನೂ ಆರಿಸಿ ತೆಗೆಯಿರಿ.

ಹುರುಳಿ, ಓಟ್ಸ್, ಎಣ್ಣೆ

ಇಂಗ್ಲಿಷರು ಹುರುಳಿಯನ್ನು ಕುದುರೆಯ ಕಾಳು ಎಂದೇ ಕರೆದರು, ಅದು ಸುಮ್ಮನೆ ಬಂದ ಹೆಸರಲ್ಲ. ನೂರಕ್ಕೆ 22ರಷ್ಟು ಪ್ರೋಟೀನು, ಅದರಲ್ಲೂ ಸ್ನಾಯು ಕಟ್ಟುವ ಲೈಸೀನ್ ಧಾರಾಳ. ಆದರೆ ಹಸಿ ಹುರುಳಿಯಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವಿದೆ, ಬಿಸಿಗೆ ಅದು ಕೆಡುತ್ತದೆ. ಅದಕ್ಕೇ ಹಿಂದಿನವರು ಬೇಯಿಸಿ ಹಾಕುತ್ತಿದ್ದದ್ದು. ರಾತ್ರಿ ನೆನೆಹಾಕಿ, ನೆನೆದ ನೀರು ಚೆಲ್ಲಿ, ಹೊಸ ನೀರಲ್ಲಿ ಬೆರಳ ನಡುವೆ ಹಿಚುಕಿದರೆ ಮೆತ್ತಗಾಗುವವರೆಗೆ ಬೇಯಿಸಿ, ಪೂರ್ತಿ ಆರಿಸಿ ಕೊಡಿ. ಬೆಳಗ್ಗೆ ಬೆಂದದ್ದನ್ನು ಬೇಸಿಗೆಯಲ್ಲಿ ರಾತ್ರಿಯವರೆಗೆ ಇಡಬೇಡಿ, ಹುಳಿತ ಕಾಳು ಶೂಲೆಗೆ ದಾರಿ. ಬಾನಿಯನ್ನು ದಿನವೂ ತೊಳೆಯಿರಿ.

ಕಾಳುಗಳಲ್ಲಿ ಓಟ್ಸ್ ಎಲ್ಲಕ್ಕಿಂತ ಸೌಮ್ಯ. ಅದರ ಪಿಷ್ಟ ಸಣ್ಣಕರುಳಿನಲ್ಲೇ ಚೆನ್ನಾಗಿ ಜೀರ್ಣವಾಗುತ್ತದೆ, ಬೇಯಿಸದೆ ಜಜ್ಜಿ ಕೊಡಬಹುದು. ಮೆಕ್ಕೆಜೋಳ, ಬಾರ್ಲಿಯ ಪಿಷ್ಟ ಹಾಗಲ್ಲ. ಹಸಿಯಾಗಿ ಕೊಟ್ಟರೆ ಜೀರ್ಣವಾಗದೆ ಹಿಂಗರುಳಿಗೆ ಜಾರಿ, ಅಲ್ಲಿ ಆಮ್ಲವಾಗಿ, ಶೂಲೆ ಮತ್ತು ಗೊರಸಿನೊಳಗೆ ಉರಿ ಬರುವ ಲ್ಯಾಮಿನೈಟಿಸ್ ತರುತ್ತದೆ. ಬೇಯಿಸಿಯೇ ಕೊಡಿ, ಇಲ್ಲವಾದರೆ ಬೇಡ. ಒಂದು ಹೊತ್ತಿಗೆ ಪಿಷ್ಟ ಮೈತೂಕದ ಪ್ರತಿ ಕೆಜಿಗೆ ಒಂದು ಗ್ರಾಂ ದಾಟದಿರಲಿ. ಓಟ್ಸ್‌ನಲ್ಲಿ ನೂರಕ್ಕೆ 40 ಭಾಗದಷ್ಟು ಪಿಷ್ಟ. ಅಂದರೆ 300 ಕೆಜಿಯ ಕುದುರೆಗೆ ಒಂದು ಹೊತ್ತಿಗೆ ಮುಕ್ಕಾಲು ಕೆಜಿ ಓಟ್ಸ್ ಗರಿಷ್ಠ, ಅದೂ ಬೇರೆ ಕಾಳಿಲ್ಲದಿದ್ದರೆ.

ಮೈ ತುಂಬಿಸಲು ಎಣ್ಣೆಯಷ್ಟು ಸದ್ದಿಲ್ಲದೆ ಕೆಲಸ ಮಾಡುವುದು ಇನ್ನೊಂದಿಲ್ಲ. ಪಿಷ್ಟವಿಲ್ಲ, ಕುದುರೆ ಬಿಸಿಯೇರಿ ಕುಣಿಯುವುದಿಲ್ಲ, ನೂರು ಮಿಲಿಲೀಟರಿಗೆ ಸುಮಾರು 0.8 ಮೆಗಾಕ್ಯಾಲರಿ ಶಕ್ತಿ ಸಿಗುತ್ತದೆ. ಕುದುರೆಗೆ ಪಿತ್ತಕೋಶವಿಲ್ಲ, ಕೊಬ್ಬು ಜೀರ್ಣವಾಗದು ಎಂದು ಹೇಳುವವರಿದ್ದಾರೆ. ಪಿತ್ತಕೋಶವಿಲ್ಲದಿರುವುದು ನಿಜ, ಆದರೆ ಪಿತ್ತರಸ ಯಕೃತ್ತಿನಿಂದ ಸದಾ ಹರಿಯುತ್ತಿರುತ್ತದೆ. ಕರುಳಿಗೆ ಅಭ್ಯಾಸವಾಗಲು ಎರಡು ಮೂರು ವಾರ ಬೇಕಷ್ಟೆ. ದಿನಕ್ಕೆ 25 ಮಿಲಿಯಿಂದ ತೊಡಗಿ ನಾಲ್ಕೈದು ದಿನಕ್ಕೊಮ್ಮೆ 25 ಮಿಲಿ ಏರಿಸಿ. ಲದ್ದಿ ಜಿಡ್ಡಾಗಿ ಸಡಿಲವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಸೂರ್ಯಕಾಂತಿ, ಸೋಯಾ, ಅಕ್ಕಿ ತೌಡಿನ ಎಣ್ಣೆ ಯಾವುದಾದರೂ ಸರಿ. ಕರಿದುಳಿದ ಎಣ್ಣೆ ಖಂಡಿತ ಬೇಡ. ಪ್ರತಿ 100 ಮಿಲಿ ಎಣ್ಣೆಗೆ 100ರಿಂದ 150 ಅಂತರರಾಷ್ಟ್ರೀಯ ಯೂನಿಟ್ ಇ ವಿಟಮಿನ್ ಸೇರಿಸಬೇಕು. ತುಪ್ಪ ತಿನ್ನಿಸುವ ರೂಢಿ ಹಳೆಯದು, ಆದರೆ ಅಷ್ಟು ದುಡ್ಡಿಗೆ ಲೂಸರ್ನ್ ತಂದರೆ ಕುದುರೆಗೆ ಹೆಚ್ಚು ಉಪಕಾರ.

ಬೂಸಾದ ಮೋಸ

ಗೋಧಿ ಬೂಸಾ ಒದ್ದೆ ಮಾಡಿ ಕೊಟ್ಟರೆ ಕುದುರೆ ಆಸೆಯಿಂದ ತಿನ್ನುತ್ತದೆ. ಆದರೆ ಅದರಲ್ಲಿ ಸುಣ್ಣದ ಒಂಬತ್ತು ಹತ್ತು ಪಟ್ಟು ರಂಜಕವಿದೆ, ಅಕ್ಕಿ ತೌಡೂ ಇದೇ ಜಾತಿ. ಕುದುರೆಯ ಒಟ್ಟು ಮೇವಿನಲ್ಲಿ ಸುಣ್ಣ ರಂಜಕಕ್ಕಿಂತ ಹೆಚ್ಚೇ ಇರಬೇಕು, ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಹದ. ಬರೀ ಬೂಸಾ ಮತ್ತು ಭತ್ತದ ಹುಲ್ಲಿನಲ್ಲಿ ಬದುಕುವ ಗಾಡಿ ಕುದುರೆಗೂ ನೇಪಿಯರ್ ತಿಂದದ್ದರಂತೆಯೇ ಮೂಳೆ ಕರಗಿ ಮುಖ ಊದುತ್ತದೆ. ಬೂಸಾ ಬಿಡಲಾಗದಿದ್ದರೆ ದಿನಕ್ಕೆ ಅರ್ಧ ಕೆಜಿ ದಾಟಿಸಬೇಡಿ, ಪ್ರತಿ ಅರ್ಧ ಕೆಜಿಗೆ 15ರಿಂದ 20 ಗ್ರಾಂ ಪಶು ಆಹಾರ ದರ್ಜೆಯ ಸುಣ್ಣಕಲ್ಲಿನ ಪುಡಿ ಬೆರೆಸಿ. ಗೋಡೆಗೆ ಬಳಿಯುವ ಸುಣ್ಣವಲ್ಲ, ಅದು ಬಾಯಿ ಸುಡುತ್ತದೆ.

ಒಂದು ದಿನದ ಮೇವು, ತೂಕ ಹಾಕಿ

ಕೆಲಸವಿಲ್ಲದೆ ನಿಂತ 300 ಕೆಜಿಯ ಕುದುರೆ ಇದ್ದ ಹಾಗೆ ಇರಲು ದಿನಕ್ಕೆ ಸುಮಾರು 10 ಮೆಗಾಕ್ಯಾಲರಿ ಬೇಕು. ಒಂದು ಅಂಕ ಏರಲು ಈ ಗಾತ್ರದ ಕುದುರೆಗೆ ಹನ್ನೆರಡು ಕೆಜಿಯಷ್ಟು ತೂಕ ಬರಬೇಕು. ಪ್ರತಿ ಕೆಜಿಗೆ 16ರಿಂದ 20 ಮೆಗಾಕ್ಯಾಲರಿ ಹೆಚ್ಚುವರಿ ಖರ್ಚು. ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಮೂರೂವರೆ ಮೆಗಾಕ್ಯಾಲರಿ ಹೆಚ್ಚು, ಒಟ್ಟು ಹದಿಮೂರೂವರೆ. ಅದನ್ನು ಹೀಗೆ ಹೊಂದಿಸಬಹುದು: ರೋಡ್ಸ್ ಅಥವಾ ಗರಿಕೆಯ ಒಣಹುಲ್ಲು 4 ಕೆಜಿ, ಒಣ ಲೂಸರ್ನ್ ಒಂದೂವರೆ ಕೆಜಿ, ಓಟ್ಸ್ 700 ಗ್ರಾಂ, ಹುರುಳಿ ಬೇಯಿಸುವ ಮೊದಲಿನ ತೂಕದಲ್ಲಿ 300 ಗ್ರಾಂ, ಎಣ್ಣೆ 100 ಮಿಲಿ, ಉಪ್ಪು 30 ಗ್ರಾಂ, ಕುದುರೆಗೆಂದೇ ತಯಾರಾದ ಖನಿಜ ಮಿಶ್ರಣ ಪೊಟ್ಟಣದ ಮೇಲೆ ಹೇಳಿದಷ್ಟು. ಲೂಸರ್ನ್ ಇರುವುದರಿಂದ ಸುಣ್ಣ ರಂಜಕದ ಲೆಕ್ಕವೂ ಸರಿಹೋಗುತ್ತದೆ.

ಕಾಳನ್ನು ಬೆಳಗ್ಗೆ 6, ಮಧ್ಯಾಹ್ನ 1, ಸಂಜೆ 7 ಎಂದು ಮೂರು ಸಮಪಾಲು ಮಾಡಿ. ಪ್ರತಿ ಸಲವೂ ಕಾಳಿಗೆ ಅರ್ಧ ಗಂಟೆ ಮುಂಚೆ ಅರ್ಧ ಕೆಜಿ ಲೂಸರ್ನ್ ಹಾಕಿ. ಅಗಿದು ಜೊಲ್ಲು ಬಂದ ಹೊಟ್ಟೆ ಕಾಳನ್ನು ಆತುರವಿಲ್ಲದೆ ತೆಗೆದುಕೊಳ್ಳುತ್ತದೆ. ಹುಲ್ಲು ಬೆಳಗ್ಗೆ ಒಂದು ಕೆಜಿ, ಮಧ್ಯಾಹ್ನ ಮತ್ತು ಸಂಜೆ ಮುಕ್ಕಾಲು ಮುಕ್ಕಾಲು, ರಾತ್ರಿ ಹತ್ತಕ್ಕೆ ಉಳಿದ ಒಂದೂವರೆ. ರಾತ್ರಿಯ ಈ ಕಂತನ್ನು ಹಲವರು ತಪ್ಪಿಸುತ್ತಾರೆ. ಸಂಜೆ ಏಳರಿಂದ ಬೆಳಗ್ಗೆ ಆರರವರೆಗೆ ಹನ್ನೊಂದು ಗಂಟೆ ಖಾಲಿ ಹೊಟ್ಟೆ ಎಂದರೆ ಹಗಲೆಲ್ಲ ಪಟ್ಟ ಶ್ರಮ ರಾತ್ರಿ ನೀರುಪಾಲು. ಕುದುರೆ ಇನ್ನೂ ಹುಲ್ಲು ಬೇಡಿದರೆ, ಲೂಸರ್ನೂ ಸೇರಿ ಮೇಲೆ ಹೇಳಿದ ಏಳೂವರೆ ಕೆಜಿಯವರೆಗೆ ಕೊಡಿ, ಬದಲಿಗೆ ಕಾಳು ತಗ್ಗಿಸಿ. ಈ ಪಟ್ಟಿಗೆ ಒಂದೇ ದಿನದಲ್ಲಿ ಬರಬೇಡಿ: ಮೊದಲ ವಾರ ಹುಲ್ಲು, ಲೂಸರ್ನ್ ಮಾತ್ರ, ಎರಡನೆಯ ವಾರದಿಂದ ಹೊತ್ತಿಗೆ ಒಂದು ಹಿಡಿ ಕಾಳಿನಿಂದ ಶುರು. ಅಂಕ 1-2ರಿಂದ ಬಂದ ಕುದುರೆಗೆ ಇನ್ನೂ ನಿಧಾನ.

ನೀರು ದಿನಕ್ಕೆ 15 ಲೀಟರಿಗೆ ಕಡಿಮೆಯಾದರೆ ಒಣ ಮೇವು ಕರುಳಲ್ಲಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ 30 ಲೀಟರ್ ಕುಡಿಯುವುದು ಸಾಮಾನ್ಯ. ತೊಟ್ಟಿ ಪಾಚಿಗಟ್ಟಿದರೆ ಕುದುರೆ ಕುಡಿಯದೆ ಸಹಿಸಿಕೊಳ್ಳುತ್ತದೆ, ನಮಗೆ ತಿಳಿಯುವುದು ಶೂಲೆ ಬಂದಮೇಲೆ.

ಕೊಡಲೇಬಾರದ್ದು

ಕೋಳಿ ಆಹಾರ, ಕೆಲವು ದನದ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರುತ್ತದೆ. ಕೋಳಿಗೆ, ದನಕ್ಕೆ ತೊಂದರೆಯಿಲ್ಲ. ಕುದುರೆಗೆ ಮೈತೂಕದ ಕೆಜಿಗೆ 2-3 ಮಿಲಿಗ್ರಾಂ ಸೇರಿದರೂ ಹೃದಯದ ಸ್ನಾಯು ಸತ್ತು ಪ್ರಾಣ ಹೋಗುತ್ತದೆ. ಕೋಳಿ ಆಹಾರದ ಖಾಲಿ ಚೀಲದಲ್ಲಿ ಕುದುರೆಯ ಕಾಳು ತುಂಬಿಡುವುದೂ ಬೇಡ. ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷದ ಭಯ, ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷ. ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಯ ಮೆದುಳನ್ನೇ ಕರಗಿಸುವ ರೋಗ ತರುತ್ತದೆ, ಅದಕ್ಕೆ ಮದ್ದಿಲ್ಲ. ಹಸಿ ಜೋಳದ ದಂಟು ತಿಂದ ಕುದುರೆಯ ಹಿಂಗಾಲು ಹಿಡಿತ ತಪ್ಪಿ, ಮೂತ್ರ ತೊಟ್ಟಿಕ್ಕುತ್ತಲೇ ಇರುವ ಸ್ಥಿತಿ ಬರಬಹುದು. ಹರಳಿನ ಹಿಂಡಿ ಗೊಬ್ಬರಕ್ಕೆ ಮಾತ್ರ. ರಸ್ತೆ ನಡುವೆ ಚೆಂದಕ್ಕೆ ನೆಟ್ಟ ಕಣಗಿಲೆಯ ಕೆಲವೇ ಎಲೆ ಸಾಕು ಕುದುರೆ ಸಾಯಲು, ಕಡಿದು ಹಾಕಿದ ಕೊಂಬೆಯ ಹತ್ತಿರ ಕಟ್ಟಬೇಡಿ.

ರೇಸ್ ಬಿಟ್ಟ ಕುದುರೆ, ಹಲ್ಲು ಸವೆದ ಕುದುರೆ

ರೇಸಿನ ಲಾಯದಿಂದ ಬಂದ ಥರೋಬ್ರೆಡ್‌ಗಳಲ್ಲಿ ಬಹುಪಾಲಿಗೆ ಜಠರದ ಹುಣ್ಣಿರುತ್ತದೆ. ಕಾಳಿನ ಮೇಲೇ ಬೆಳೆದ ಹೊಟ್ಟೆ ಅದು. ಬಂದ ಮೊದಲ ತಿಂಗಳಲ್ಲಿ ಐವತ್ತು ಕೆಜಿ ಕಳೆದುಕೊಂಡರೂ ಗಾಬರಿಯಿಂದ ಕಾಳು ಸುರಿಯದೆ, ಹುಲ್ಲು ಎಡೆಬಿಡದೆ ಇಟ್ಟು, ಲೂಸರ್ನ್ ಮತ್ತು ಎಣ್ಣೆಯಿಂದ ಮೈ ಕಟ್ಟಿ. ಲೂಸರ್ನಿನ ಸುಣ್ಣ ಜಠರದ ಆಮ್ಲವನ್ನೂ ತಣಿಸುತ್ತದೆ. ಹುಣ್ಣಿನ ಔಷಧಿ ಬೇಕೇ ಎಂದು ವೈದ್ಯರನ್ನು ಕೇಳಿ.

ಹಲ್ಲು ಸವೆದ ಮುದಿ ಕುದುರೆಗೆ ಉದ್ದ ಹುಲ್ಲು ಎಷ್ಟಿಟ್ಟರೂ ಉಪಯೋಗವಿಲ್ಲ. ಲೂಸರ್ನ್ ಉಂಡೆಗಳನ್ನು, ಬೆರಳಿನ ಒಂದು ಗೆಣ್ಣುದ್ದ ಕತ್ತರಿಸಿದ ಹುಲ್ಲನ್ನು ಮೂರು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಗಂಜಿಯಂತೆ ಮಾಡಿ, ದಿನಕ್ಕೆ ಐದು ಹೊತ್ತು ಕೊಡಿ. ನೆನೆಯದ ಉಂಡೆ ಗಂಟಲಲ್ಲಿ ಸಿಕ್ಕಿಕೊಂಡರೆ ಮೂಗಿನಿಂದ ಮೇವು ಮತ್ತು ಜೊಲ್ಲು ಹೊರಬರುತ್ತದೆ. ಆಗ ಬಾಯಿಗೆ ನೀರು ಹೊಯ್ಯದೆ, ತಲೆ ತಗ್ಗಿಸಿ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಹಲವು ಕುದುರೆಗಳನ್ನು ಒಟ್ಟಿಗೆ ಬಿಟ್ಟಿದ್ದರೆ ಬಡಕಲು ಕುದುರೆಯನ್ನು ಪ್ರತ್ಯೇಕವಾಗಿ ತಿನ್ನಿಸಿ. ಗಟ್ಟಿಯಾದದ್ದು ಅದರ ಪಾಲನ್ನೂ ಕಸಿಯುತ್ತದೆ.

ಹದಿನೈದು ದಿನಕ್ಕೊಮ್ಮೆ

ಟೇಪು ಹಿಡಿಯಿರಿ, ಆರು ಜಾಗ ಒತ್ತಿ ನೋಡಿ, ಅದೇ ಕೋನದಿಂದ ಫೋಟೊ ತೆಗೆಯಿರಿ. ಮೊದಲ ಎರಡು ವಾರ ಹೊಟ್ಟೆ ತುಂಬಿದ ಭಾರವೇ ಏರಿಕೆಯಾಗಿ ತೋರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಹದಿನೈದು ದಿನಕ್ಕೆ ಮೂರರಿಂದ ಐದು ಕೆಜಿ ಏರಿದರೆ ದಾರಿ ಸರಿಯಿದೆ. ಟೇಪಿಗೆ ಇಷ್ಟು ಸಣ್ಣ ಏರಿಕೆ ಒಮ್ಮೆಗೇ ಸಿಗದು, ಮೂರು ನಾಲ್ಕು ಅಳತೆಗಳನ್ನು ಸಾಲಾಗಿಟ್ಟು ನೋಡಿ. ತಿಂಗಳಾದರೂ ಕದಲದಿದ್ದರೆ ಕಾಳು ಏರಿಸುವ ಮೊದಲು ಮತ್ತೆ ಹಲ್ಲು, ಲದ್ದಿ, ರಕ್ತ. ಅಂಕ 3ರಿಂದ 5ಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ, 1ರಿಂದ ಆದರೆ ಆರರಿಂದ ಹತ್ತು ತಿಂಗಳು.

ಲದ್ದಿ ದಿನದ ವರದಿ ಇದ್ದಂತೆ. ಗಟ್ಟಿ ಉಂಡೆ ನೆಲಕ್ಕೆ ಬಿದ್ದು ಎರಡು ಹೋಳಾದರೆ ಸರಿ. ಸಗಣಿಯಂತಾಗಿ ಹುಳಿ ವಾಸನೆ ಬಂದರೆ ಪಿಷ್ಟ ಹಿಂಗರುಳಿಗೆ ಜಾರಿದೆ, ಅಂದೇ ಕಾಳು ಅರ್ಧ ಮಾಡಿ. ಚಿಕ್ಕದಾಗಿ, ಒಣಗಿ, ಲೋಳೆ ಸುತ್ತಿಕೊಂಡಿದ್ದರೆ ನೀರು ಸಾಲದು. ಗೊರಸು ಬಿಸಿಯಾಗಿ, ಮುಂಗಾಲು ಮುಂದೆ ಚಾಚಿ ನಿಂತರೆ ಲ್ಯಾಮಿನೈಟಿಸ್. ಕಾಳು ಪೂರ್ತಿ ನಿಲ್ಲಿಸಿ ಮೆತ್ತಗಿನ ನೆಲದಲ್ಲಿ ನಿಲ್ಲಿಸಿ, ನಡೆಸಬೇಡಿ, ವೈದ್ಯರು ಬರಲಿ.

ಗಾಡಿಗೆ ಕಟ್ಟುವುದು, ಜೀನು ಹಾಕುವುದು ಅಂಕ 4 ಮುಟ್ಟುವವರೆಗೆ ಬೇಡವೇ ಬೇಡ. ಮೂಳೆಯ ಮೇಲೆ ಮಾಂಸವಿಲ್ಲದ ಬೆನ್ನಿಗೆ ಪಟ್ಟಿ ಉಜ್ಜಿ ಹುಣ್ಣಾದರೆ ಆ ಗಾಯ ತಿಂಗಳಾದರೂ ಮಾಯುವುದಿಲ್ಲ. 3 ದಾಟಿದ ಮೇಲೆ ಹಗ್ಗ ಹಿಡಿದು ದಿನಕ್ಕೆ ಹತ್ತು ನಿಮಿಷ ನಡೆಸಲು ತೊಡಗಿ, ವಾರಕ್ಕೆ ಐದು ನಿಮಿಷ ಏರಿಸುತ್ತಾ ಮುಕ್ಕಾಲು ಗಂಟೆಗೆ ತನ್ನಿ. ಮೇವು ಕೊಬ್ಬು ಕೊಡುತ್ತದೆ, ಬೆನ್ನು ಕತ್ತಿನ ಸ್ನಾಯು ನಡಿಗೆಯಿಂದಲೇ ಬರಬೇಕು. ಅಂಕ 5 ಮುಟ್ಟಿದ ವಾರದಿಂದ ಮೊದಲು ಕಾಳು, ಆಮೇಲೆ ಎಣ್ಣೆ ಎಂಬ ಕ್ರಮದಲ್ಲಿ ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಗ್ಗಿಸಿ. ಹುಲ್ಲು ತಗ್ಗಿಸಬೇಡಿ.